ಈ ತಿಂಗಳ ಪದ: 'ನನ್' – ಒಂದೂ ಇಲ್ಲ, ಯಾರೂ ಇಲ್ಲ

ಒಬ್ಬ ತಾಯಿ ಕೇಳಿದ ಪ್ರಶ್ನೆಯಿಂದ ಈ ಬಾರಿಯ ಪಾಠವನ್ನು ಆರಂಭಿಸೋಣ. ಏಳನೇ ತರಗತಿಯಲ್ಲಿ ಓದುತ್ತಿರುವ ಅವರ ಮಗಳು ಇಂಗ್ಲಿಷ್ ನೋಟ್ ಪುಸ್ತಕದಲ್ಲಿ 'ನನ್ ಆಫ್ ದಿ ಗರ್ಲ್ಸ್ ವರ್ ಆಬ್ಸೆಂಟ್' ಎಂದು ಬರೆದಿದ್ದಳು. ಹುಡುಗಿಯರಲ್ಲಿ ಯಾರೂ ಗೈರುಹಾಜರಾಗಿರಲಿಲ್ಲ ಎಂದು ಅರ್ಥ. ಶಾಲೆಯಲ್ಲಿ 'ವರ್' ಎಂಬುದರ ಮೇಲೆ ಕೆಂಪು ಗೆರೆ ಎಳೆದು 'ವಾಸ್' ಎಂದು ತಿದ್ದಿದರು. ಟ್ಯೂಷನ್‌ನಲ್ಲಿ ಅದೇ ವಾಕ್ಯವನ್ನು ನೋಡಿ, 'ವರ್' ಎಂಬುದೇ ಸರಿ ಎಂದರಂತೆ. "ಇಬ್ಬರಲ್ಲಿ ಯಾರು ಸರಿ ಎಂದು ಮಗಳು ನನ್ನನ್ನು ಕೇಳುತ್ತಾಳೆ. ನಾನು ಕಲಿತದ್ದೇ ಏಳನೇ ತರಗತಿಯವರೆಗೆ, ಅದೂ ಕನ್ನಡ ಮಾಧ್ಯಮದಲ್ಲಿ. ನಾನೇನು ಹೇಳಲಿ?" ಎಂದು ಆ ತಾಯಿ ಕೇಳಿದ್ದರು.

ಇದಕ್ಕೆ ಒಂದೇ ಸಾಲಿನ ಉತ್ತರ ಕೊಡಬಹುದು. ಆದರೆ 'ನನ್' ಎಂಬ ಈ ಸಣ್ಣ ಪದ ನೋಟ್ ಪುಸ್ತಕದಲ್ಲಿ ಮಾತ್ರ ಇಲ್ಲ. ಆಸ್ಪತ್ರೆಯ ಚೀಟಿಯಲ್ಲಿದೆ, ಅರ್ಜಿ ಫಾರಂನಲ್ಲಿದೆ, ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿದೆ. ಮತಯಂತ್ರದ ಕೊನೆಯ ಗುಂಡಿಯ ಎದುರಿಗೂ ಅದೇ ಇದೆ. ಇಂಗ್ಲಿಷ್ ಮಾತನಾಡದ ಸಹೋದರಿಯರಿಗೂ ಅದು ಎದುರಾಗದೆ ಇರದು. ಆದ್ದರಿಂದ ಇದನ್ನು ಬೇರಿನಿಂದಲೇ ಕಲಿಯೋಣ. ಆ ತಾಯಿಯ ಪ್ರಶ್ನೆಗೂ ನಡುವೆ ಉತ್ತರ ಸಿಗುತ್ತದೆ.

ಮೊದಲು ಉಚ್ಚಾರಣೆ

ಎನ್, ಓ, ಎನ್, ಇ – ಈ ನಾಲ್ಕು ಅಕ್ಷರಗಳನ್ನು ನೋಡಿದ ಕೂಡಲೇ ನಮ್ಮಲ್ಲಿ ಹಲವರು 'ನೋನ್' ಎಂದು ಓದುತ್ತಾರೆ. ಅದು ಸಹಜ. ಫೋನ್, ಸ್ಟೋನ್, ಬೋನ್ ಎಂಬ ಪದಗಳ ಬಾಲದಲ್ಲಿಯೂ ಓ, ಎನ್, ಇ ಎಂಬ ಅಕ್ಷರಗಳೇ ಇವೆ. ಆದರೆ ಈ ಪದ ಆ ಗುಂಪಿಗೆ ಸೇರಿದ್ದಲ್ಲ. ಇದರ ಜೊತೆಗಾರರು ಬೇರೆ. ಒಂದು ಎಂಬ ಅರ್ಥದ 'ವನ್', ಮುಗಿಯಿತು ಎಂಬ ಅರ್ಥದ 'ಡನ್' – ಇವುಗಳ ಸಾಲಿನಲ್ಲಿ ಬರುವುದು 'ನನ್'. ಕಾನ್ವೆಂಟ್ ಶಾಲೆಗಳಲ್ಲಿ ಕಲಿಸುವ ಕ್ರೈಸ್ತ ಸನ್ಯಾಸಿನಿಯರನ್ನು ಇಂಗ್ಲಿಷ್‌ನಲ್ಲಿ 'ನನ್' ಎನ್ನುತ್ತಾರಲ್ಲವೇ? ಅಕ್ಷರ ಬೇರೆಯಾದರೂ ಉಚ್ಚಾರಣೆ ಅದೇ.

ಉಚ್ಚಾರಣೆಗೆ ಇಷ್ಟು ಮಹತ್ವ ಏಕೆ ಎಂದರೆ, 'ನೋನ್' ಎಂಬ ಇನ್ನೊಂದು ಪದ ಇಂಗ್ಲಿಷ್‌ನಲ್ಲಿದೆ. ಕೆ, ಎನ್, ಓ, ಡಬ್ಲ್ಯು, ಎನ್ ಎಂದು ಬರೆಯುವ ಆ ಪದದಲ್ಲಿ ಮೊದಲಿನ 'ಕೆ' ಮೌನ. ಅದರ ಅರ್ಥ 'ಗೊತ್ತಿರುವ'. ಈಗ ಆಸ್ಪತ್ರೆಯ ಮಾತನ್ನು ಊಹಿಸಿ. ದಾಖಲಾತಿಯ ವೇಳೆ "ಎನಿ ಅಲರ್ಜಿ?" ಎಂದು ಕೇಳುತ್ತಾರೆ. ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ ಎಂದು ಪ್ರಶ್ನೆ. 'ನನ್' ಎಂದರೆ ಒಂದೂ ಇಲ್ಲ. 'ನೋನ್' ಎಂದರೆ ಇದೆ, ಗೊತ್ತಿದೆ ಎಂದು ಕೇಳುವವರಿಗೆ ಅನಿಸಬಹುದು. ಒಂದು ಸ್ವರ ಬದಲಾದರೆ ಅರ್ಥವೇ ತಿರುಗಿ ಬೀಳುತ್ತದೆ. ಅನುಮಾನವಿದ್ದರೆ ಇಂಗ್ಲಿಷನ್ನು ಬಿಟ್ಟು ಕನ್ನಡದಲ್ಲೇ ಸ್ಪಷ್ಟವಾಗಿ ಹೇಳುವುದು ಲೇಸು. ಆಸ್ಪತ್ರೆಯಲ್ಲಿ ಭಾಷೆಯ ಮರ್ಯಾದೆಗಿಂತ ರೋಗಿಯ ಜೀವ ದೊಡ್ಡದು.

ಪದ ಹುಟ್ಟಿದ್ದು ಹೇಗೆ?

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷ್‌ನಲ್ಲಿ 'ನೆ' ಎಂದರೆ ಇಲ್ಲ, 'ಆನ್' ಎಂದರೆ ಒಂದು. ಇವೆರಡೂ ಕೂಡಿ 'ನಾನ್' ಎಂದಾಯಿತು. ಅದೇ ಇಂದಿನ 'ನನ್'. ಅಂದರೆ ಪದದ ಮೂಲ ಅರ್ಥ 'ಒಂದೂ ಅಲ್ಲ'. ಒಂದು ಎಂಬುದಕ್ಕೆ ಇಂದು 'ವನ್' ಎನ್ನುತ್ತೇವೆ. 'ವನ್' ಮತ್ತು 'ನನ್' ಒಂದೇ ಮನೆಯ ಮಕ್ಕಳು. ಒಂದು 'ಇದೆ' ಎನ್ನುತ್ತದೆ, ಇನ್ನೊಂದು 'ಇಲ್ಲ' ಎನ್ನುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ನಾವು ಎಲ್ಲರೂ ಬಳಸುವ 'ನೋ' ಎಂಬ ಪದ, 'ನೋ ಮನಿ', 'ನೋ ಟೈಮ್' ಎನ್ನುವಾಗ ನಾಮಪದದ ಮುಂದೆ ಬರುವ ಆ 'ನೋ', ಈ 'ನನ್' ಪದವೇ ಸವೆದು ಆದದ್ದು. ಮುಂದೆ ನಾಮಪದ ಇದ್ದರೆ ಸವೆದ ರೂಪವಾದ 'ನೋ'. ನಾಮಪದ ಇಲ್ಲದೆ ಪದ ಒಂಟಿಯಾಗಿ ನಿಂತರೆ ಪೂರ್ಣ ರೂಪವಾದ 'ನನ್'. 'ಮೈ ಬುಕ್' ಎನ್ನುತ್ತೇವೆ, ಆದರೆ ಪುಸ್ತಕದ ಹೆಸರು ಹೇಳದಿದ್ದಾಗ 'ಮೈನ್' ಎನ್ನುತ್ತೇವೆ. ಅದೇ ಬಗೆಯ ಜೋಡಿ ಇದು. ಈ ಒಂದು ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ವ್ಯಾಕರಣ ಮುಗಿದಂತೆ.

ಡಬ್ಬದಲ್ಲಿ ಖರ್ಜೂರ ಮುಗಿದಿದೆ ಎಂದಿಟ್ಟುಕೊಳ್ಳಿ.

'ದೇರ್ ಆರ್ ನೋ ಡೇಟ್ಸ್ ಇನ್ ದಿ ಬಾಕ್ಸ್' – ಡಬ್ಬದಲ್ಲಿ ಖರ್ಜೂರ ಇಲ್ಲ. ಇಲ್ಲಿ 'ಡೇಟ್ಸ್' ಎಂಬ ನಾಮಪದ ಇದೆ, ಆದ್ದರಿಂದ 'ನೋ'.

"ಡಬ್ಬದಲ್ಲಿ ಎಷ್ಟು ಖರ್ಜೂರ ಉಳಿದಿದೆ?" ಎಂದು ಕೇಳಿದರೆ ಉತ್ತರ: 'ನನ್'. ನಾಮಪದವನ್ನು ಪ್ರಶ್ನೆಯಲ್ಲೇ ಹೇಳಿ ಆಗಿದೆ, ಆದ್ದರಿಂದ 'ನನ್' ಒಂದೇ ಸಾಕು.

'ನನ್ ಡೇಟ್ಸ್' ಎಂದಾಗಲಿ, 'ನನ್ ಮನಿ' ಎಂದಾಗಲಿ ಹೇಳುವಂತಿಲ್ಲ. ಇದು ಸರ್ವನಾಮ. ನಾಮಪದಕ್ಕೆ ಬದಲಾಗಿ ಬರುವಂಥದ್ದು. ಯಜಮಾನ ಎದುರಿಗಿದ್ದಾಗ ಬದಲಿ ಆಳು ಏಕೆ?

ನಮ್ಮ ಭಾಷೆಗಳ ದಾರಿ ಬೇರೆ

ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಕನ್ನಡದಲ್ಲಿ 'ಯಾರೂ', 'ಒಂದೂ', 'ಏನೂ' ಎಂದಷ್ಟೇ ಹೇಳಿದರೆ ಮಾತು ಪೂರ್ತಿಯಾಗುವುದಿಲ್ಲ. ವಾಕ್ಯದ ಕೊನೆಯಲ್ಲಿ 'ಇಲ್ಲ' ಬರಲೇಬೇಕು. 'ಯಾರೂ ಬರಲಿಲ್ಲ', 'ಒಂದೂ ಉಳಿದಿಲ್ಲ'. ಮನೆಯಲ್ಲಿ ಉರ್ದು ಮಾತನಾಡುವವರೂ ಹಾಗೆಯೇ ಹೇಳುತ್ತಾರೆ: 'ಕೋಯೀ ನಹೀಂ ಆಯಾ'. 'ಕೋಯೀ' ಎಂದರೆ ಯಾರಾದರೂ. ಇಲ್ಲ ಎನ್ನುವ ಕೆಲಸವನ್ನು 'ನಹೀಂ' ಮಾಡುತ್ತದೆ. ಅರಬಿಯಲ್ಲಿ 'ಮಾ ಜಾಅ ಅಹದುನ್' ಎನ್ನುತ್ತೇವೆ. ಅಲ್ಲಿಯೂ 'ಅಹದ್' ಎಂದರೆ ಒಬ್ಬ. 'ಮಾ' ಎಂಬುದು ನಿಷೇಧ.

ಇಂಗ್ಲಿಷ್‌ನ ದಾರಿ ಬೇರೆ. 'ನನ್' ಎಂಬ ಪದದ ಹೊಟ್ಟೆಯೊಳಗೇ 'ಇಲ್ಲ' ಕುಳಿತಿದೆ. ಆದ್ದರಿಂದ ಕ್ರಿಯಾಪದಕ್ಕೆ ಮತ್ತೆ 'ನಾಟ್' ಸೇರಿಸಬಾರದು. 'ನನ್ ಆಫ್ ದೆಮ್ ಕೇಮ್' ಎಂದರೆ ಅವರಲ್ಲಿ ಯಾರೂ ಬರಲಿಲ್ಲ. ಕನ್ನಡದ ಗುಂಗಿನಲ್ಲಿ ಮಕ್ಕಳು 'ನನ್ ಆಫ್ ದೆಮ್ ಡಿಡ್ ನಾಟ್ ಕಮ್' ಎಂದು ಬರೆಯುತ್ತಾರೆ. ಇಂದಿನ ಶಿಷ್ಟ ಇಂಗ್ಲಿಷ್‌ನ ಲೆಕ್ಕದಲ್ಲಿ 'ಬಾರದವರು ಯಾರೂ ಇಲ್ಲ' ಎಂದು ಅದರ ಅರ್ಥವಾಗುತ್ತದೆ. ಅಂದರೆ ಎಲ್ಲರೂ ಬಂದರು! ಹೇಳಹೊರಟದ್ದಕ್ಕೆ ನೇರ ವಿರುದ್ಧ.

ಹಾಗೆಂದು ಮಕ್ಕಳನ್ನು ದಡ್ಡರೆಂದು ಬೈಯಬೇಡಿ. ಹಳೆಯ ಇಂಗ್ಲಿಷ್‌ನಲ್ಲಿಯೂ, 14ನೇ ಶತಮಾನದ ಕವಿ ಚಾಸರನ ಕಾಲದ ಇಂಗ್ಲಿಷ್‌ನಲ್ಲಿಯೂ ಒಂದೇ ವಾಕ್ಯದಲ್ಲಿ ಎರಡು ಮೂರು ನಿಷೇಧಗಳನ್ನು ಪೇರಿಸುವುದು ರೂಢಿಯಲ್ಲಿತ್ತು. ಎರಡು 'ಇಲ್ಲ'ಗಳು ಸೇರಿ 'ಹೌದು' ಆಗುತ್ತದೆ ಎಂಬ ನಿಯಮವನ್ನು ಬಿಗಿಗೊಳಿಸಿದವರು 18ನೇ ಶತಮಾನದ ವ್ಯಾಕರಣಕಾರರು. ಇಂಗ್ಲೆಂಡ್, ಅಮೆರಿಕಗಳ ಆಡುಮಾತಿನಲ್ಲಿ ಇಂದಿಗೂ 'ಐ ಡೋಂಟ್ ಹ್ಯಾವ್ ನನ್' ಎನ್ನುವವರಿದ್ದಾರೆ. ಆದರೆ ಶಾಲೆ, ಪರೀಕ್ಷೆ, ಕಚೇರಿಯ ಬರವಣಿಗೆಯಲ್ಲಿ ಅದು ನಡೆಯದು.

ಪರಿಹಾರ ಸುಲಭ. ವಾಕ್ಯದಲ್ಲಿ 'ನಾಟ್' ಇದ್ದರೆ 'ಎನಿ' ಬಳಸಿ. 'ನಾಟ್' ಇಲ್ಲದಿದ್ದರೆ 'ನನ್' ಬಳಸಿ. 'ಐ ಡು ನಾಟ್ ಹ್ಯಾವ್ ಎನಿ' ಎಂದರೂ 'ಐ ಹ್ಯಾವ್ ನನ್' ಎಂದರೂ ಅರ್ಥ ಒಂದೇ: ನನ್ನ ಹತ್ತಿರ ಒಂದೂ ಇಲ್ಲ. ಎರಡನೆಯದರಲ್ಲಿ ಒತ್ತು ಸ್ವಲ್ಪ ಹೆಚ್ಚು.

ಮದ್ರಸದಲ್ಲಿ ನಹ್ವ್ ಕಲಿತ ಸಹೋದರಿಯರಿಗೆ ಒಂದು ಮಾತು. ಇಡೀ ಜಾತಿಯನ್ನೇ ನಿಷೇಧಿಸುವ 'ಲಾ' ಒಂದು ಇದೆ ಎಂದು ಉಸ್ತಾದರು ಕಲಿಸಿದ್ದು ನಿಮಗೆ ನೆನಪಿರಬೇಕು. 'ಲಾ ರಜುಲ ಫಿದ್ದಾರಿ' ಎಂದರೆ ಮನೆಯಲ್ಲಿ ಗಂಡಸು ಎಂಬ ಜಾತಿಯೇ ಇಲ್ಲ, ಒಬ್ಬನೂ ಇಲ್ಲ. ನಮ್ಮ ಕಲಿಮಃದ ಮೊದಲ ಪದವೂ ಈ 'ಲಾ' ಆಗಿದೆ. 'ನನ್' ಪದದ ಬಲವೂ ಇಂಥದ್ದೇ. ಒಬ್ಬರನ್ನೂ, ಒಂದನ್ನೂ ಹೊರಗೆ ಬಿಡದ ನಿಷೇಧ. ಅರಬಿಯಲ್ಲಿ ಆ ಬಲವನ್ನು ನಾಮಪದದ ಹಿಂದೆ ನಿಲ್ಲುವ 'ಲಾ' ಹೊತ್ತುಕೊಂಡರೆ, ಇಂಗ್ಲಿಷ್‌ನಲ್ಲಿ ಸರ್ವನಾಮವೇ ಹೊತ್ತುಕೊಳ್ಳುತ್ತದೆ.

ಯಾವ ಪ್ರಶ್ನೆಗೆ ಯಾವ ಉತ್ತರ?

'ನನ್', 'ನೋ ವನ್', 'ನಥಿಂಗ್' – ಈ ಮೂರನ್ನೂ ಮಕ್ಕಳು ಒಂದರ ಬದಲು ಇನ್ನೊಂದನ್ನು ಬಳಸಿ ಗೊಂದಲ ಮಾಡಿಕೊಳ್ಳುತ್ತಾರೆ. ಪ್ರಶ್ನೆಯನ್ನು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

'ಹೂ?' ಅಂದರೆ 'ಯಾರು?' ಎಂಬ ಪ್ರಶ್ನೆಗೆ 'ನೋ ವನ್' ಅಥವಾ 'ನೋಬಡಿ'. ಬಾಗಿಲಲ್ಲಿ ಯಾರು? ಯಾರೂ ಇಲ್ಲ.

'ವಾಟ್?' ಅಂದರೆ 'ಏನು?' ಎಂಬ ಪ್ರಶ್ನೆಗೆ 'ನಥಿಂಗ್'. ಚೀಲದಲ್ಲಿ ಏನಿದೆ? ಏನೂ ಇಲ್ಲ.

'ಹೌ ಮೆನಿ?', 'ಹೌ ಮಚ್?' ಅಂದರೆ 'ಎಷ್ಟು?' ಎಂಬ ಪ್ರಶ್ನೆಗೆ 'ನನ್'. ಎಷ್ಟು ಮೊಟ್ಟೆ ಉಳಿದಿದೆ? ಒಂದೂ ಇಲ್ಲ. ಎಷ್ಟು ಹಾಲು ಉಳಿದಿದೆ? ಸ್ವಲ್ಪವೂ ಇಲ್ಲ.

ಗಮನಿಸಿ, 'ನೋ ವನ್' ಮನುಷ್ಯರಿಗೆ ಮಾತ್ರ. 'ನಥಿಂಗ್' ವಸ್ತುಗಳಿಗೆ ಮಾತ್ರ. 'ನನ್' ಇಬ್ಬರಿಗೂ ಸಲ್ಲುತ್ತದೆ. ಆದರೆ 'ನನ್' ಎಂದ ಕೂಡಲೇ ಮನಸ್ಸಿನಲ್ಲಿ ಒಂದು ಗುಂಪು ಇರಬೇಕು. ಯಾವುದರಲ್ಲಿ ಒಂದೂ ಇಲ್ಲ, ಯಾರಲ್ಲಿ ಒಬ್ಬರೂ ಇಲ್ಲ ಎಂಬುದು ಕೇಳುವವರಿಗೆ ಗೊತ್ತಿರಬೇಕು. ಅದಕ್ಕಾಗಿಯೇ ಅದರ ಹಿಂದೆ 'ಆಫ್' ಹೆಚ್ಚಾಗಿ ಬರುತ್ತದೆ: 'ನನ್ ಆಫ್ ಮೈ ಫ್ರೆಂಡ್ಸ್', 'ನನ್ ಆಫ್ ದೀಸ್ ಬುಕ್ಸ್'. 'ನೋ ವನ್ ಆಫ್ ಮೈ ಫ್ರೆಂಡ್ಸ್' ಎಂದು ಹೇಳುವ ರೂಢಿ ಇಲ್ಲ.

ಗುಂಪಿನಲ್ಲಿ ಇಬ್ಬರೇ ಇದ್ದರೆ 'ನನ್' ಬೇಡ. ಅಲ್ಲಿ 'ನೈದರ್' ಎನ್ನಬೇಕು. ಇಬ್ಬರು ಹೆಣ್ಣುಮಕ್ಕಳಿದ್ದು ಇಬ್ಬರೂ ಕಾಲೇಜಿಗೆ ಹೋಗಲಿಲ್ಲ ಎನ್ನಲು 'ನೈದರ್ ಆಫ್ ಮೈ ಡಾಟರ್ಸ್'. ಮೂವರು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ 'ನನ್ ಆಫ್ ಮೈ ಡಾಟರ್ಸ್'.

ಏಕವಚನವೋ? ಬಹುವಚನವೋ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. 'ವಾಸ್' ಸರಿಯೋ, 'ವರ್' ಸರಿಯೋ?

ಎರಡೂ ಸರಿ. ಮಗಳು ಬರೆದದ್ದು ತಪ್ಪಲ್ಲ.

'ನನ್' ಎಂದರೆ 'ಒಂದೂ ಅಲ್ಲ', ಒಂದು ಎಂಬುದು ಏಕವಚನ, ಆದ್ದರಿಂದ ಅದಕ್ಕೆ ಏಕವಚನದ ಕ್ರಿಯಾಪದವೇ ಬರಬೇಕು – ಇದು ಒಂದು ವಾದ. ಕೇಳಲು ತರ್ಕಬದ್ಧವಾಗಿದೆ. ಆದರೆ ಭಾಷೆ ತರ್ಕಕ್ಕಿಂತ ಬಳಕೆಯನ್ನು ಹೆಚ್ಚು ನಂಬುತ್ತದೆ. ಹಳೆಯ ಇಂಗ್ಲಿಷ್ ಕಾಲದಿಂದಲೂ ಈ ಪದ ಎರಡೂ ವಚನಗಳಲ್ಲಿ ಬಳಕೆಯಲ್ಲಿದೆ. ಇಂಗ್ಲಿಷ್ ಬಳಕೆಯ ವಿಷಯದಲ್ಲಿ ದೊಡ್ಡ ಹೆಸರಾದ ಎಚ್. ಡಬ್ಲ್ಯು. ಫೌಲರ್ 1926ರಲ್ಲಿ ಪ್ರಕಟಿಸಿದ ತನ್ನ ನಿಘಂಟಿನಲ್ಲಿ, ಈ ಪದವನ್ನು ಏಕವಚನವೆಂದು ಮಾತ್ರ ತಿಳಿಯುವುದು ತಪ್ಪು ಎಂದೇ ಬರೆದಿದ್ದಾರೆ. ನಮ್ಮ ದೇಶದ ಶಾಲೆಗಳಲ್ಲಿ ತಲೆಮಾರುಗಳಿಂದ ಓದುತ್ತಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣವೂ ಬಹುವಚನದ ಬಳಕೆ ಸಾಮಾನ್ಯ ಎಂದು ಒಪ್ಪುತ್ತದೆ.

ಹಾಗಾದರೆ ಯಾವಾಗ ಯಾವುದು? ಮೂರು ಮಾತು ನೆನಪಿಡಿ.

ಒಂದು, ಎಣಿಸಲಾಗದ ವಸ್ತುವಾದರೆ ಏಕವಚನ ಮಾತ್ರ. ಹಾಲು, ಅಕ್ಕಿ, ನೀರು, ಹಣ. 'ನನ್ ಆಫ್ ದಿ ಮಿಲ್ಕ್ ವಾಸ್ ಸ್ಪಾಯಿಲ್ಡ್' – ಹಾಲು ಸ್ವಲ್ಪವೂ ಕೆಟ್ಟಿರಲಿಲ್ಲ. ಇಲ್ಲಿ 'ವರ್' ಎಂದರೆ ಖಂಡಿತ ತಪ್ಪು.

ಎರಡು, ಎಣಿಸಬಹುದಾದವರ ಗುಂಪಾದರೆ ಎರಡೂ ನಡೆಯುತ್ತದೆ. ಇಡೀ ಗುಂಪು ಕಣ್ಣ ಮುಂದಿದ್ದರೆ ಬಹುವಚನ ಸಹಜವಾಗಿ ಬರುತ್ತದೆ. 'ಒಬ್ಬಳೆಂದರೆ ಒಬ್ಬಳೂ ಇಲ್ಲ' ಎಂದು ಒತ್ತಿ ಹೇಳುವುದಾದರೆ ಏಕವಚನ ಚೆಂದ.

ಮೂರು, ಗಂಭೀರ ಬರವಣಿಗೆಯಲ್ಲಿ, ಪರೀಕ್ಷೆಯಲ್ಲಿ ಏಕವಚನ ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ. ಅಂಕ ಮುಖ್ಯವಾದ ಕಡೆ ಮಕ್ಕಳಿಗೆ ಹಾಗೆಯೇ ಬರೆಯಲು ಹೇಳಿ. ಆದರೆ 'ವರ್' ಬರೆದದ್ದಕ್ಕೆ ಮಗಳು ತಲೆ ತಗ್ಗಿಸಬೇಕಾಗಿಲ್ಲ ಎಂಬುದನ್ನೂ ಹೇಳಿ. ಶಿಕ್ಷಕಿಯ ಬಗ್ಗೆ ಮಗುವಿನ ಮುಂದೆ ಹಗುರವಾಗಿ ಮಾತನಾಡುವುದು ಬೇಡ. "ಟೀಚರ್ ಹೇಳಿದ್ದೂ ಸರಿ, ನೀನು ಬರೆದದ್ದೂ ಸರಿ" ಎಂದರೆ ಮುಗಿಯಿತು. ಇದು ರಾಜಿಯ ಮಾತಲ್ಲ, ವ್ಯಾಕರಣದ ಮಾತು.

'ಎಲ್ಲರೂ ಇಲ್ಲ' ಎಂಬ ಬಲೆ

'ಎಲ್ಲ ಮಕ್ಕಳೂ ಬರಲಿಲ್ಲ' ಎಂದು ಕನ್ನಡದಲ್ಲಿ ಹೇಳಿದರೆ ಏನು ಅರ್ಥ? ಕೆಲವರು ಬಂದರು, ಕೆಲವರು ಬರಲಿಲ್ಲ ಎಂದೇ ಸಾಮಾನ್ಯವಾಗಿ ತಿಳಿಯುತ್ತೇವೆ. ಹೇಳುವ ಧಾಟಿ, ಸಂದರ್ಭ ನೋಡಿ ನಿರ್ಧರಿಸುತ್ತೇವೆ. ಇದನ್ನೇ ಇಂಗ್ಲಿಷಿಗೆ ಪದಕ್ಕೆ ಪದ ಇಳಿಸಿ 'ಆಲ್ ದಿ ಚಿಲ್ಡ್ರನ್ ಡಿಡ್ ನಾಟ್ ಕಮ್' ಎಂದರೆ ಓದುವವರು ಎರಡು ರೀತಿಯಲ್ಲಿ ತಿಳಿಯಬಹುದು. ಯಾರೂ ಬರಲಿಲ್ಲವೋ, ಕೆಲವರು ಬರಲಿಲ್ಲವೋ?

ಇದು ಬರೀ ಪುಸ್ತಕದ ಸಮಸ್ಯೆಯಲ್ಲ. ಈಗ ಎಷ್ಟೋ ತಾಯಂದಿರು ವೈದ್ಯರಿಗೆ, ಶಾಲೆಯ ಶಿಕ್ಷಕಿಗೆ ವಾಟ್ಸ್ಆ್ಯಪ್‌ನಲ್ಲಿ ಇಂಗ್ಲಿಷ್‌ನಲ್ಲೇ ಸಂದೇಶ ಕಳುಹಿಸುತ್ತಾರೆ. ಜ್ವರದ ಮಗುವಿಗೆ ಐದು ದಿನದ ಮಾತ್ರೆ ಕೊಟ್ಟಿದ್ದಾರೆ. ಮೂರು ದಿನ ಕೊಟ್ಟು ನಿಲ್ಲಿಸಿದ್ದೀರಿ. 'ಆಲ್ ಟ್ಯಾಬ್ಲೆಟ್ಸ್ ವರ್ ನಾಟ್ ಗಿವನ್' ಎಂದು ಬರೆದರೆ, ಮಾತ್ರೆಯನ್ನೇ ಕೊಟ್ಟಿಲ್ಲ ಎಂದು ವೈದ್ಯರು ತಿಳಿಯುವ ಸಂಭವವಿದೆ. ಮುಂದಿನ ಔಷಧಿಯ ನಿರ್ಧಾರ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಆದ್ದರಿಂದ ಎರಡು ಅರ್ಥಗಳಿಗೆ ಎರಡು ವಾಕ್ಯಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ. ಒಂದೂ ಕೊಡಲಿಲ್ಲ ಎಂದಾದರೆ 'ನನ್ ಆಫ್ ದಿ ಟ್ಯಾಬ್ಲೆಟ್ಸ್ ವರ್ ಗಿವನ್'. ಕೆಲವನ್ನು ಕೊಟ್ಟು ಕೆಲವನ್ನು ಬಿಟ್ಟಿದ್ದರೆ 'ನಾಟ್ ಆಲ್ ದಿ ಟ್ಯಾಬ್ಲೆಟ್ಸ್ ವರ್ ಗಿವನ್'. 'ನಾಟ್' ಎಂಬುದನ್ನು 'ಆಲ್' ಪದದ ಮುಂದಕ್ಕೆ ತಂದರೆ ಸಂಶಯ ಮುಗಿಯಿತು. ಎಷ್ಟು ಮಾತ್ರೆ ಕೊಟ್ಟಿರಿ ಎಂದು ಅಂಕಿಯಲ್ಲಿ ಬರೆದರೆ ಇನ್ನೂ ಒಳ್ಳೆಯದು.

ಇದರ ಜೊತೆಗೇ ಬರುವ ಇನ್ನೊಂದು ಬಲೆ, ಇಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡುವುದು. "ಒಂದೂ ಉಳಿದಿಲ್ಲವೇ?" ಎಂದು ಕೇಳಿದರೆ ನಾವು "ಹೌದು" ಎನ್ನುತ್ತೇವೆ. ನೀವು ಹೇಳಿದ್ದು ಸರಿ, ಉಳಿದಿಲ್ಲ ಎಂದು ನಮ್ಮ ಭಾವ. ಇಂಗ್ಲಿಷ್‌ನಲ್ಲಿ 'ಯೆಸ್' ಎಂದರೆ 'ಉಳಿದಿದೆ' ಎಂದಾಗುತ್ತದೆ. ಅಲ್ಲಿ 'ನೋ, ನನ್' ಎನ್ನಬೇಕು. ಫೋನಿನಲ್ಲಿ ಮಾತನಾಡುವಾಗ ಬರೀ 'ಯೆಸ್', 'ನೋ' ಹೇಳಿ ನಿಲ್ಲಿಸದೆ, ಈ ಎರಡನೇ ಪದವನ್ನೂ ಸೇರಿಸುವ ಅಭ್ಯಾಸ ಮಾಡಿಕೊಳ್ಳಿ.

ಫಾರಂ ತುಂಬುವಾಗ

ವಿದ್ಯಾರ್ಥಿವೇತನದ ಅರ್ಜಿ, ಶಾಲಾ ಪ್ರವೇಶ, ಆಸ್ಪತ್ರೆಯ ದಾಖಲಾತಿ – ಎಲ್ಲ ಕಡೆಯೂ ಕೆಲವು ಅಂಕಣಗಳಿಗೆ ನಮ್ಮ ಉತ್ತರ 'ಇಲ್ಲ' ಎಂದಿರುತ್ತದೆ. ಅಲ್ಲಿ ಮೂರು ಪದಗಳು ಬಳಕೆಯಲ್ಲಿವೆ: 'ನನ್', 'ನಿಲ್', 'ನಾಟ್ ಅಪ್ಲಿಕೇಬಲ್'.

ಮೊತ್ತ ಕೇಳಿದ್ದು ಅದು ಸೊನ್ನೆಯಾದರೆ 'ನಿಲ್'. ಬಾಕಿ ಸಾಲ ಎಷ್ಟು? ನಿಲ್.

ಪಟ್ಟಿ ಅಥವಾ ಸಂಗತಿ ಕೇಳಿದ್ದು ಅಂಥದ್ದು ಒಂದೂ ಇಲ್ಲದಿದ್ದರೆ 'ನನ್'. ಹಿಂದೆ ಆದ ಶಸ್ತ್ರಚಿಕಿತ್ಸೆಗಳು? ನನ್.

ಪ್ರಶ್ನೆಯೇ ನಿಮಗೆ ಸಂಬಂಧಿಸದಿದ್ದರೆ 'ನಾಟ್ ಅಪ್ಲಿಕೇಬಲ್'. ಮದುವೆಯಾಗದ ಹುಡುಗಿಗೆ ಗಂಡನ ಹೆಸರಿನ ಅಂಕಣ. ಅಲ್ಲಿ 'ನನ್' ಎಂದು ಬರೆಯುವುದಕ್ಕಿಂತ ಇದು ಸೂಕ್ತ.

ಯಾವುದನ್ನು ಬರೆದರೂ ಸರಿ, ಅಂಕಣವನ್ನು ಖಾಲಿ ಬಿಡಬೇಡಿ. ಖಾಲಿ ಜಾಗಕ್ಕೆ ಎರಡು ಅರ್ಥ: ಉತ್ತರ 'ಇಲ್ಲ' ಎಂದಿರಬಹುದು, ಅಥವಾ ಪ್ರಶ್ನೆಯನ್ನು ಯಾರೂ ಕೇಳಿಯೇ ಇಲ್ಲದಿರಬಹುದು. ಅಲರ್ಜಿಯ ಅಂಕಣದಲ್ಲಿ ಈ ವ್ಯತ್ಯಾಸ ದೊಡ್ಡದು. ರಾತ್ರಿ ಪಾಳಿಯ ದಾದಿ ಚುಚ್ಚುಮದ್ದು ಕೊಡುವ ಮೊದಲು ಆ ಅಂಕಣ ನೋಡುತ್ತಾರೆ. ಖಾಲಿ ಇದ್ದರೆ ಅವರು ಏನೆಂದು ತಿಳಿಯಬೇಕು? ವೈದ್ಯರು 'ನೋ ನೋನ್ ಅಲರ್ಜೀಸ್' ಅಥವಾ 'ನನ್ ನೋನ್' ಎಂದು ಬರೆಯುವುದನ್ನು ನೀವು ಕಾಣಬಹುದು. ಗೊತ್ತಿರುವ ಮಟ್ಟಿಗೆ ಒಂದೂ ಇಲ್ಲ ಎಂದು ಅರ್ಥ. ಮೊದಲು ಹೇಳಿದ ಎರಡು ಪದಗಳೂ ಇಲ್ಲಿ ಅಕ್ಕಪಕ್ಕ ನಿಂತಿವೆ ನೋಡಿ. ಮುಂಚೆ ಪೆನ್ಸಿಲಿನ್‌ನಂಥ ಯಾವುದಾದರೂ ಔಷಧಿಯಿಂದ ಮೈಮೇಲೆ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಅಲ್ಲಿ 'ನನ್' ಬರೆಯುವಂತೆಯೇ ಇಲ್ಲ. ಆ ಔಷಧಿಯ ಹೆಸರನ್ನು ಹೇಳಿ ಬರೆಸಲೇಬೇಕು.

ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವಾಗ ಕೊನೆಯಲ್ಲಿ 'ನನ್ ಆಫ್ ದೀಸ್' ಎಂದಿರುತ್ತದೆ. ಉಳಿದ ಮೂರೂ ತಪ್ಪಾಗಿದ್ದರೆ ಮಾತ್ರ ಇದು ಸರಿ. ಮೂರರಲ್ಲಿ ಒಂದು ಸರಿಯಿದ್ದರೂ 'ನನ್' ಬಿದ್ದುಹೋಗುತ್ತದೆ. ಉತ್ತರ ಗೊತ್ತಿಲ್ಲದಾಗ ಗುರುತು ಹಾಕುವ ಜಾಗ ಇದಲ್ಲ ಎಂದು ಮಕ್ಕಳಿಗೆ ತಿಳಿಸಿ.

ಮತಯಂತ್ರದ ಕೊನೆಯ ಗುಂಡಿ

'ನೋಟಾ' ಎಂಬ ಪದ ಈಗ ಹಳ್ಳಿಯ ಅಜ್ಜಿಯರ ಬಾಯಲ್ಲೂ ಇದೆ. ಅದು 'ನನ್ ಆಫ್ ದಿ ಅಬವ್' ಎಂಬುದರ ಮೊದಲ ಅಕ್ಷರಗಳು. ಮೇಲಿನವರಲ್ಲಿ ಯಾರೂ ಅಲ್ಲ ಎಂದರ್ಥ. ಪಟ್ಟಿಯ ಕೊನೆಯಲ್ಲಿ ಇರುವುದರಿಂದಲೇ ಅದಕ್ಕೆ 'ಅಬವ್', ಅಂದರೆ 'ಮೇಲಿನ' ಎಂಬ ಪದ ಹೊಂದುತ್ತದೆ. ಅದರಲ್ಲಿ ಕ್ರಿಯಾಪದವೇ ಇಲ್ಲ, ಆದ್ದರಿಂದ ಏಕವಚನ ಬಹುವಚನದ ಜಗಳವೂ ಇಲ್ಲ.

ಮೊದಲು ಯಾರಿಗೂ ಮತ ಹಾಕಲು ಇಷ್ಟವಿಲ್ಲದವರು ಮತಗಟ್ಟೆಯ ಅಧಿಕಾರಿಗೆ ಹಾಗೆಂದು ಹೇಳಿ, ಪುಸ್ತಕದಲ್ಲಿ ಬರೆಸಿ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕಾಗಿತ್ತು. 49-ಓ ಎಂಬ ನಿಯಮ ಅದು. ಇದರಿಂದ ಮತದ ಗುಟ್ಟು ಉಳಿಯುತ್ತಿರಲಿಲ್ಲ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ 2004ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ತೀರ್ಪು ನೀಡಿ, ಮತಯಂತ್ರದಲ್ಲೇ ಇದಕ್ಕೆ ಗುಂಡಿ ಇಡುವಂತೆ ಚುನಾವಣಾ ಆಯೋಗಕ್ಕೆ ನಿರ್ದೇಶಿಸಿತು. ಅದೇ ವರ್ಷದ ಕೊನೆಯಲ್ಲಿ ದೆಹಲಿ, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ ಮತ್ತು ಮಿಜೋರಾಂ ವಿಧಾನಸಭಾ ಚುನಾವಣೆಗಳಲ್ಲಿ ಅದು ಬಂತು. ನಮ್ಮ ರಾಜ್ಯದ ಮತದಾರರು 2014ರ ಲೋಕಸಭಾ ಚುನಾವಣೆಯಲ್ಲಿ ಅದನ್ನು ಕಂಡರು. 2015ರಲ್ಲಿ ಅದಕ್ಕೊಂದು ಚಿಹ್ನೆಯೂ ಸಿಕ್ಕಿತು: ಮತಪತ್ರದ ಮೇಲೆ ಅಡ್ಡಗೆರೆಯ ಗುರುತು.

ಒಂದು ವಿಷಯವನ್ನು ತಿಳಿದಿರಬೇಕು. ಲೋಕಸಭೆ, ವಿಧಾನಸಭೆಯ ಚುನಾವಣೆಗಳಲ್ಲಿ ಈ ಮತಗಳನ್ನು ಎಣಿಸುತ್ತಾರೆ, ಪ್ರಕಟಿಸುತ್ತಾರೆ. ಆದರೆ ಫಲಿತಾಂಶವನ್ನು ಅವು ಬದಲಿಸುವುದಿಲ್ಲ. 'ನೋಟಾ'ಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ 2 ಲಕ್ಷ 18 ಸಾವಿರಕ್ಕೂ ಹೆಚ್ಚು 'ನೋಟಾ' ಮತಗಳು ಬಿದ್ದವು. ಆದರೂ ಅಲ್ಲಿ ಅಭ್ಯರ್ಥಿಯೊಬ್ಬರು ಗೆದ್ದರು. 'ಯಾರೂ ಬೇಡ' ಎಂದು ಹೇಳಬಹುದು. ಆದರೆ 'ಯಾರೂ' ಗೆಲ್ಲದೆ ಇರುವುದಿಲ್ಲ. ಗುಂಡಿ ಒತ್ತುವ ಮೊದಲು ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು.

ಕೆಲವು ನುಡಿಗಟ್ಟುಗಳು

'ನನ್ ಅದರ್ ದ್ಯಾನ್' – ಬೇರೆ ಯಾರೂ ಅಲ್ಲ, ಅವರೇ. ಅಚ್ಚರಿಯಿಂದ ಹೇಳುವಾಗ ಬರುತ್ತದೆ.

'ಸೆಕೆಂಡ್ ಟು ನನ್' – ಯಾರಿಗೂ ಕಡಿಮೆಯಿಲ್ಲದ. ನಿಮ್ಮ ಬಿರಿಯಾನಿಯನ್ನು ಹೀಗೆ ಹೊಗಳಿದರೆ ಸಂತೋಷಪಡಿ.

'ನನ್ ಟೂ ಗುಡ್' – ಅಷ್ಟೇನೂ ಚೆನ್ನಾಗಿಲ್ಲ. 'ಟೂ ಗುಡ್' ಎಂಬುದನ್ನು ಕೇಳಿ ಹೊಗಳಿಕೆ ಎಂದು ತಿಳಿಯಬೇಡಿ, ಇದು ತೆಗಳಿಕೆ.

'ನನ್ ದಿ ವೈಸರ್' – ಎಷ್ಟು ಹೇಳಿದರೂ ಏನೂ ತಿಳಿಯದೆ ಮೊದಲಿನಂತೆಯೇ ಉಳಿದರು.

'ನನ್‌ದಿಲೆಸ್' – ಆದರೂ, ಹಾಗಿದ್ದರೂ. ಇದು ಮೂರು ಪದಗಳು ಕೂಡಿ ಒಂದಾದದ್ದು. ಒಟ್ಟಿಗೇ ಬರೆಯಬೇಕು.

'ನನ್ ಆಫ್ ಯುವರ್ ಬಿಸಿನೆಸ್' – ಇದು ನಿಮಗೆ ಸಂಬಂಧಿಸಿದ್ದಲ್ಲ. ಮಕ್ಕಳು ಟಿ.ವಿ. ನೋಡಿ ಇದನ್ನು ಬೇಗ ಕಲಿಯುತ್ತಾರೆ. ಹಿರಿಯರಿಗೆ ಹೇಳುವ ಮಾತು ಇದಲ್ಲ ಎಂಬುದನ್ನೂ ಕಲಿಸಿ.

ಪದಗಳ ಬಗ್ಗೆ ಇಷ್ಟು ಹೇಳಿದ ಮೇಲೆ ಬಳಕೆಯ ಬಗ್ಗೆ ಒಂದು ಮಾತು. 'ನನ್' ಎಂಬುದು ಬಹಳ ದೊಡ್ಡ ಹಕ್ಕಿನ ಪದ. ಅದನ್ನು ಸುಳ್ಳು ಮಾಡಲು ಒಂದೇ ಒಂದು ಸಾಕು. ನಮ್ಮ ಮನೆಮಾತಿನಲ್ಲಿ ನಾವು ಅದನ್ನು ಎಷ್ಟು ಸಲೀಸಾಗಿ ಬಳಸುತ್ತೇವೆ! "ಕಷ್ಟದಲ್ಲಿ ನೆಂಟರು ಯಾರೂ ಬರಲಿಲ್ಲ" ಎನ್ನುತ್ತೇವೆ. ಆಸ್ಪತ್ರೆಯಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಕುಳಿತಿದ್ದ ನಾದಿನಿ ಆ ಮಾತಿನಲ್ಲಿ ಅಳಿಸಿಹೋಗುತ್ತಾಳೆ. "ನನ್ನ ಮಕ್ಕಳು ಒಬ್ಬರೂ ನನ್ನ ಮಾತು ಕೇಳುವುದಿಲ್ಲ" ಎಂದರೆ, ಕೇಳುವ ಒಬ್ಬನ ಮನಸ್ಸು ಏನಾಗಬೇಡ? 'ಕೆಲವರು ಬರಲಿಲ್ಲ' ಎಂಬುದು ನಿಜವಾಗಿದ್ದಾಗ 'ಯಾರೂ ಬರಲಿಲ್ಲ' ಎನ್ನುವುದು ವ್ಯಾಕರಣದಲ್ಲೂ ತಪ್ಪು, ನ್ಯಾಯದಲ್ಲೂ ತಪ್ಪು.

ಅಭ್ಯಾಸ

ಈ ಐದನ್ನು ಮಕ್ಕಳೊಂದಿಗೆ ಕುಳಿತು ಮಾಡಿ. ಖಾಲಿ ಜಾಗದಲ್ಲಿ ಯಾವ ಪದ ಬರಬೇಕು?

1. 'ವಿ ಹ್ಯಾವ್ ––– ಶುಗರ್ ಅಟ್ ಹೋಮ್.' (ಮನೆಯಲ್ಲಿ ಸಕ್ಕರೆ ಇಲ್ಲ)

2. 'ಐ ಬಾಟ್ ಸಿಕ್ಸ್ ಎಗ್ಸ್, ಬಟ್ ––– ಆರ್ ಲೆಫ್ಟ್.' (ಆರು ಮೊಟ್ಟೆ ತಂದಿದ್ದೆ, ಒಂದೂ ಉಳಿದಿಲ್ಲ)

3. 'ಐ ಡು ನಾಟ್ ಹ್ಯಾವ್ –––.' (ನನ್ನ ಬಳಿ ಒಂದೂ ಇಲ್ಲ)

4. 'ಐ ಹ್ಯಾವ್ ಟೂ ಬ್ರದರ್ಸ್. ––– ಆಫ್ ದೆಮ್ ಸ್ಮೋಕ್ಸ್.' (ಇಬ್ಬರು ಸಹೋದರರಲ್ಲಿ ಯಾರೂ ಧೂಮಪಾನ ಮಾಡುವುದಿಲ್ಲ)

5. 'ನನ್ ಆಫ್ ದಿ ರೈಸ್ ––– ಕುಕ್ಡ್.' (ಅನ್ನ ಸ್ವಲ್ಪವೂ ಬೆಂದಿಲ್ಲ: 'ಈಸ್' ಅಥವಾ 'ಆರ್'?)

ಉತ್ತರಗಳು: 1. ನೋ. ಹಿಂದೆಯೇ ನಾಮಪದ ಇದೆ. 2. ನನ್. 3. ಎನಿ. 'ನಾಟ್' ಈಗಾಗಲೇ ಬಂದಿದೆ. 4. ನೈದರ್. ಇರುವುದು ಇಬ್ಬರೇ. 5. ಈಸ್. ಅನ್ನ ಎಣಿಸುವ ವಸ್ತುವಲ್ಲ.

ಐದೂ ಸರಿಯಾದರೆ, "ಎಷ್ಟು ತಪ್ಪಾಯಿತು?" ಎಂದು ಮಗುವನ್ನು ಕೇಳಿ ನೋಡಿ. ಈ ತಿಂಗಳ ಪದವೇ ಉತ್ತರವಾಗಿ ಬರಬೇಕು.